ಮೂರು ಕಟಾ, ಹತ್ತು ವರ್ಷ

ಒಕಿನಾವಾ ದ್ವೀಪದ ಶುರಿ ಪಟ್ಟಣದಲ್ಲಿ 1868ರಲ್ಲಿ ಹುಟ್ಟಿದ ಗಿಚಿನ್ ಫುನಾಕೋಶಿ ಅವರು ದಿನ ತುಂಬುವ ಮೊದಲೇ ಭೂಮಿಗೆ ಬಂದ ಕೂಸು. ಪದೇಪದೇ ಕಾಯಿಲೆ ಬೀಳುತ್ತಿದ್ದ ಆ ಕೃಶಕಾಯದ ಮಗು ಹೆಚ್ಚು ಕಾಲ ಬಾಳಲಾರದೆಂದು ಬಂಧುಗಳು ಅದರ ತೊಟ್ಟಿಲ ವಯಸ್ಸಿನಲ್ಲಿಯೇ ನಿಶ್ಚಯಿಸಿಕೊಂಡಿದ್ದರಂತೆ. ಅಂಥವರು ಎಂಬತ್ತೆಂಟು ವರ್ಷ ಬಾಳಿದರು. ಮೂವತ್ತು ವರ್ಷಗಳಿಗೂ ಮೀರಿ ಶಾಲಾ ಉಪಾಧ್ಯಾಯರಾಗಿದ್ದು, ಆಮೇಲೆ ಟೋಕಿಯೋ ನಗರಕ್ಕೆ ಹೋಗಿ, ತಮ್ಮ ದ್ವೀಪದ ಹೊರಗೆ ಹೆಚ್ಚು ಮಂದಿ ಅರಿಯದಿದ್ದ ಒಂದು ವಿದ್ಯೆಯನ್ನು ಲೋಕಕ್ಕೆ ಒಪ್ಪಿಸಿ, 1957ರಲ್ಲಿ ತೀರಿಕೊಂಡರು. ಇಂದು ನಮ್ಮ ಊರೂರಿನ ಶಾಲೆಯ ಅಂಗಳಗಳಲ್ಲಿ ಬಿಳಿಯ ಅಂಗಿ ತೊಟ್ಟ ಮಕ್ಕಳು ಸಾಲಾಗಿ ನಿಂತು ಕಲಿಯುತ್ತಿರುವ ಕರಾಟೆಯ ಬಹುಭಾಗ ಅವರ ಮತ್ತು ಅವರ ಸಮಕಾಲೀನರ ಪರಿಶ್ರಮದ ಫಲ. ಅವರು ತಮ್ಮ ಇಳಿವಯಸ್ಸಿನಲ್ಲಿ ಬರೆದ ಆತ್ಮಕಥೆಯನ್ನು ನಾನು ಹಲವು ಸಲ ಓದಿದ್ದೇನೆ. ಅದರಲ್ಲಿ ಕಾದಾಟದ ಪ್ರಸಂಗಗಳು ಬಹಳ ಕಡಿಮೆ. ಆದರೂ ಮನುಷ್ಯನು ತನ್ನನ್ನು ತಾನು ಹೇಗೆ ತಿದ್ದಿಕೊಳ್ಳಬಹುದೆಂಬ ವಿಷಯದಲ್ಲಿ ಅಷ್ಟು ಕಲಿಸಿದ ಪುಸ್ತಕಗಳು ನನಗೆ ಹೆಚ್ಚಾಗಿ ದೊರೆತಿಲ್ಲ.

ಬಾಲಕ ಫುನಾಕೋಶಿಯ ಸಹಪಾಠಿಯೊಬ್ಬನ ತಂದೆ ಆಂಕೋ ಅಜಾತೊ. ಅವರು ಒಕಿನಾವಾವನ್ನು ಒಳಗೊಂಡ ರ್ಯೂಕ್ಯೂ ರಾಜ್ಯದ ಶ್ರೇಷ್ಠ ಕುಲವೊಂದಕ್ಕೆ ಸೇರಿದವರು, ಖಡ್ಗವಿದ್ಯೆಯಲ್ಲಿಯೂ ಕರಾಟೆಯಲ್ಲಿಯೂ ಸಮಾನವಾದ ಪ್ರಭುತ್ವವುಳ್ಳವರು. ಆ ಪುಟ್ಟ ರಾಜ್ಯವನ್ನು ಜಪಾನು 1879ರಲ್ಲಿ ತನ್ನ ಪ್ರಾಂತವನ್ನಾಗಿ ಮಾಡಿಕೊಂಡಿತ್ತು. ರಾಜನು ಅರಮನೆಯನ್ನು ಬಿಟ್ಟು ಹೋಗಿದ್ದನು. ಆದರೆ ವಿದ್ಯೆಯನ್ನು ಗೋಪ್ಯವಾಗಿ ಕಲಿಸುವ ಹಳೆಯ ವಾಡಿಕೆ ಮಾತ್ರ ಹಾಗೆಯೇ ಉಳಿದಿದ್ದಿತು. ಆದ್ದರಿಂದ ತರುಣ ಫುನಾಕೋಶಿ ಮಂದವಾದ ಕೈದೀಪವೊಂದನ್ನು ಹಿಡಿದು ರಾತ್ರಿಯ ವೇಳೆ ಗುರುಗೃಹಕ್ಕೆ ನಡೆದುಹೋಗಿ, ಬೆಳಗಿನ ಜಾವದಲ್ಲಿ ಹಿಂದಿರುಗುತ್ತಿದ್ದರು. ಈ ತರುಣನು ಹೊತ್ತಲ್ಲದ ಹೊತ್ತಿನಲ್ಲಿ ಎಲ್ಲಿಗೆ ಹೋಗಿಬರುತ್ತಾನೆಂದು ನೆರೆಹೊರೆಯವರು ತಮ್ಮೊಳಗೆ ವಿಚಾರಮಾಡಿ, ವೇಶ್ಯಾಗೃಹಕ್ಕಲ್ಲದೆ ಮತ್ತೆಲ್ಲಿಗೆ ಎಂಬ ನಿರ್ಣಯಕ್ಕೆ ಬಂದಿದ್ದರೆಂದು ಅವರೇ ಬರೆದಿದ್ದಾರೆ.

ಶಿಷ್ಯನು ಅಂಗಳದ ಕತ್ತಲಲ್ಲಿ ಕಟಾ ಮಾಡುತ್ತಿದ್ದನು. ಗುರುವು ಜಗುಲಿಯ ಮೇಲೆ ನೆಟ್ಟನೆ ಕುಳಿತು ನೋಡುತ್ತಿದ್ದನು. ಕಟಾ ಎಂದರೆ ತಡೆ, ಗುದ್ದು, ಒದೆ, ತಿರುವುಗಳನ್ನು ಒಂದು ನಿಶ್ಚಿತ ಕ್ರಮದಲ್ಲಿ ಹೆಣೆದ ಅಭ್ಯಾಸಮಾಲೆ. ಎದುರಾಳಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡು ಒಬ್ಬನೇ ಮಾಡತಕ್ಕದ್ದು. ಅದು ಮುಗಿದೊಡನೆ ಅಜಾತೊ ಅವರ ಬಾಯಿಂದ ಬರುತ್ತಿದ್ದ ಮಾತು ಸಾಮಾನ್ಯವಾಗಿ ಒಂದೇ: ಇನ್ನೊಮ್ಮೆ ಮಾಡು. ಅದಾದ ಮೇಲೆ, ಮತ್ತೆ ಇನ್ನೊಮ್ಮೆ. ಚೆನ್ನಾಗಿದೆ ಎಂಬ ಉದ್ಗಾರ ಎಂದೋ ಒಂದು ದಿನ ಬಂದರೆ ಅದೇ ಪರಮಾನುಗ್ರಹ. ಕೈಯಲ್ಲಿರುವ ಕಟಾ ಗುರುವಿನ ಮನಸ್ಸಿಗೆ ಒಪ್ಪಿಗೆಯಾಗುವವರೆಗೆ ಮುಂದಿನದರ ಮಾತೇ ಇಲ್ಲ. ಹೀಗೆ ಟೆಕ್ಕಿ ಎಂದು ಈಗ ಕರೆಯುವ ಮೂರು ಕಟಾಗಳನ್ನು ಕಲಿಯುವುದರಲ್ಲಿ ಫುನಾಕೋಶಿ ಅವರ ಜೀವಿತದ ಸುಮಾರು ಹತ್ತು ವರ್ಷಗಳು ಕಳೆದವು. ಟೆಕ್ಕಿಯನ್ನು ಬಲ್ಲವರಿಗೆ ಗೊತ್ತು, ಅದರಲ್ಲಿ ನೋಡುವವರ ಕಣ್ಣು ಸೆಳೆಯತಕ್ಕ ನೆಗೆತವಿಲ್ಲ, ಎತ್ತರದ ಒದೆಯಿಲ್ಲ. ಕುದುರೆಯ ಮೇಲೆ ಕುಳಿತವನ ಭಂಗಿಯಲ್ಲಿ ಮಂಡಿ ಬಾಗಿಸಿ, ಒಂದೇ ರೇಖೆಯ ಮೇಲೆ ಎಡಕ್ಕೂ ಬಲಕ್ಕೂ ಸರಿದಾಡುವುದೇ ಅದರ ಸರ್ವಸ್ವ. ಅದನ್ನೇ ರಾತ್ರಿಯಿಂದ ರಾತ್ರಿಗೆ ಪುನರಾವರ್ತಿಸುವಾಗ ತಮಗೆ ರೇಗುವಂತಾಗುತ್ತಿತ್ತು, ಕೆಲವೊಮ್ಮೆ ಅವಮಾನವೂ ಆಗುತ್ತಿತ್ತು ಎಂಬುದನ್ನು ಅವರು ಮುಚ್ಚಿಟ್ಟಿಲ್ಲ.

ಆ ಹತ್ತು ವರ್ಷಗಳಲ್ಲಿ ಅವರನ್ನು ಅಂಗಳಕ್ಕೆ ಮತ್ತೆ ಮತ್ತೆ ಕರೆತಂದ ಶಕ್ತಿ ಯಾವುದು? ಈ ಕಾಲದವರು ಥಟ್ಟನೆ ಮೋಟಿವೇಶನ್ ಎಂದುಬಿಡುತ್ತಾರೆ. ಮೊದಲು ಅಂತರಂಗದಲ್ಲಿ ಉತ್ಸಾಹವು ಉರಿಯಬೇಕು, ಅದು ಉರಿದ ಮೇಲೆ ಕಾರ್ಯವು ತಾನಾಗಿಯೇ ಸಾಗುವುದು ಎಂಬ ನಂಬಿಕೆ ಈಗ ಸರ್ವತ್ರ ವ್ಯಾಪಿಸಿದೆ. ಅದನ್ನು ಉರಿಸಿಕೊಡುತ್ತೇವೆಂದು ಭಾಷಣ ಮಾಡುವವರಿದ್ದಾರೆ, ಬೆಳಗಾಗುವ ಮೊದಲೇ ಮೊಬೈಲಿನಲ್ಲಿ ಬಂದು ಹುರಿದುಂಬಿಸುವವರಿದ್ದಾರೆ. ಈ ನಂಬಿಕೆಯು ಪ್ರಾಮಾಣಿಕರಾದ ಎಷ್ಟೋ ಮಂದಿಯನ್ನು ಕೆಲಸದಿಂದ ದೂರವಿಟ್ಟಿದೆಯೆಂದು ನನಗೆ ತೋರುತ್ತದೆ. ಉತ್ಸಾಹ ಬರಲಿ ಎಂದು ಕಾದು ಕುಳಿತವನು, ಅದು ಬಾರದ ದಿನ, ದೋಷವು ತನ್ನ ಸ್ವಭಾವದಲ್ಲಿಯೇ ಇದೆಯೆಂದು ಖಿನ್ನನಾಗುತ್ತಾನೆ. ಅಜಾತೊ ಅವರು ಶಿಷ್ಯನಿಗೆ ಈ ಹೊತ್ತು ಉತ್ಸಾಹವುಂಟೇ ಎಂದು ಕೇಳಿದವರಲ್ಲ. ಹೊತ್ತು ಗೊತ್ತಾಗಿತ್ತು, ಸ್ಥಳ ಗೊತ್ತಾಗಿತ್ತು, ಮಾಡತಕ್ಕ ಕಟಾ ಯಾವುದೆಂಬುದು ಗೊತ್ತಾಗಿತ್ತು, ಜಗುಲಿಯ ಮೇಲೆ ನೋಡುವವರೊಬ್ಬರಿದ್ದರು, ಇಷ್ಟು ಸಾಕಾಗಿತ್ತು. ಮಾಡುತ್ತ ಮಾಡುತ್ತ ಅದರಲ್ಲಿಯೇ ಪ್ರೀತಿ ಹುಟ್ಟಿತು. ಒಮ್ಮೆ ಹಾಗೆ ಹುಟ್ಟಿದ ಪ್ರೀತಿಯು ಆಯುಷ್ಯದ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ನಾನೂ ನಡುವಯಸ್ಸಿನಲ್ಲಿ ಈ ವಿದ್ಯೆಗೆ ಕೈಹಾಕಿದವನು. ಒಂದು ಶಾಲೆಯ ಪ್ರಾರ್ಥನಾಮಂದಿರದಲ್ಲಿ ಸಾಯಂಕಾಲ ತರಗತಿ ನಡೆಯುತ್ತದೆ. ನಮಗೆ ಕಲಿಸುವ ಮಾಸ್ಟರ್ ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. "ಭುಜ ಇಳಿಸಿ ಸಾರ್" ಎಂದು ಅವರು ನನಗೆ ಹೇಳಿದಷ್ಟು ಸಲ ಬೇರೆ ಯಾವ ಮಾತನ್ನೂ ಹೇಳಿರಲಾರರು. ಗುದ್ದುವುದೆಂದರೆ ತೋಳಿನ ಕೆಲಸವೆಂದೇ ಹೊಸಬರೆಲ್ಲರೂ ಭಾವಿಸುತ್ತಾರೆ. ಹಾಗೆ ಭಾವಿಸಿದೊಡನೆ ಭುಜವು ಕಿವಿಯ ಕಡೆಗೆ ಏರುತ್ತದೆ, ಕುತ್ತಿಗೆ ಬಿಗಿಯುತ್ತದೆ, ಬಲವೆಲ್ಲ ಎದೆಯ ಮೇಲ್ಭಾಗದಲ್ಲಿಯೇ ಸಿಕ್ಕಿಕೊಂಡು ಮುಷ್ಟಿಯವರೆಗೆ ಮುಟ್ಟುವುದೇ ಇಲ್ಲ. ನಿಜವಾಗಿ ಆಗಬೇಕಾದದ್ದು ಬೇರೆ: ಹಿಂಗಾಲಿನ ಹಿಮ್ಮಡಿ ನೆಲವನ್ನು ಒತ್ತಬೇಕು, ಆ ಒತ್ತಡವನ್ನು ಸೊಂಟವು ತಿರುಗಿ ಮೇಲಕ್ಕೆ ಒಯ್ಯಬೇಕು, ಒಂದು ಕೈ ಮುಂದೆ ಹೋಗುವಷ್ಟೇ ವೇಗದಿಂದ ಇನ್ನೊಂದು ಕೈ ಸೊಂಟದ ಪಕ್ಕಕ್ಕೆ ಹಿಂದೆ ಬರಬೇಕು, ಮುಂಗೈಯು ಕೊಟ್ಟಕೊನೆಯ ಕ್ಷಣದಲ್ಲಿ ಮಾತ್ರ ಹೊರಳಬೇಕು, ಉಸಿರು ಆ ಕ್ಷಣಕ್ಕೆ ಸರಿಯಾಗಿ ಹೊರಬೀಳಬೇಕು, ಸ್ನಾಯುಗಳು ಬಿಗಿಯುವುದು ಆ ಒಂದು ಕ್ಷಣದಲ್ಲಿ, ಮರುಕ್ಷಣವೇ ಸಡಿಲವಾಗಬೇಕು. ಓದುವುದಕ್ಕೆ ಇದು ನಾಲ್ಕು ಪಂಕ್ತಿಗಳ ಮಾತು. ದೇಹವು ಇದನ್ನು ಒಪ್ಪಿಕೊಳ್ಳುವುದಕ್ಕೆ ಎಷ್ಟು ಕಾಲ ಬೇಕೆಂಬುದನ್ನು ಮಾತ್ರ ಯಾರೂ ಮುಂಗಡವಾಗಿ ಹೇಳಲಾರರು. ಬುದ್ಧಿಗೆ ತಿಳಿದದ್ದು ಕಾಲಿಗೂ ಸೊಂಟಕ್ಕೂ ತಿಳಿಯುವವರೆಗೆ ಇಚಿ, ನಿ, ಸಾನ್, ಶಿ ಎಂದು ಮಾಸ್ಟರ್ ಎಣಿಸುತ್ತಿರಬೇಕು, ನಾವು ಮಾಡುತ್ತಿರಬೇಕು. ಹತ್ತಿರದ ದಾರಿಯೆಂಬುದು ಇಲ್ಲ. ಕಚೇರಿಯಲ್ಲಿ ದಿನವಿಡೀ ಮಾತಿನಿಂದಲೇ ಕಾರ್ಯ ಸಾಧಿಸಿಕೊಳ್ಳುವ ನನ್ನಂಥವನಿಗೆ, ಮಾತಿನಿಂದ ಎಳ್ಳಷ್ಟೂ ಸಾಧಿಸಲಾಗದ ಒಂದು ವಸ್ತುವಿನ ಮುಂದೆ ಸಂಜೆ ನಿಂತುಕೊಳ್ಳುವುದು ದೊಡ್ಡ ಉಪಕಾರವಾಗಿದೆ.

ಈ ವಿದ್ಯೆಯನ್ನು ಗೋಪ್ಯದ ಅಂಗಳದಿಂದ ಶಾಲೆಗೆ ತಂದವರು ಫುನಾಕೋಶಿ ಅವರ ಮತ್ತೊಬ್ಬ ಗುರು, ಆಂಕೋ ಇಟೊಸು. 1901ರ ಸುಮಾರಿಗೆ ಒಕಿನಾವಾದ ಶಾಲೆಯಲ್ಲಿ ಅವರು ಇದನ್ನು ಕಲಿಸತೊಡಗಿದರು, ಮಕ್ಕಳಿಗೆ ತಕ್ಕಂತೆ ಐದು ಸುಲಭವಾದ ಕಟಾಗಳನ್ನು ರಚಿಸಿದರು, 1908ರಲ್ಲಿ ಶಿಕ್ಷಣಾಧಿಕಾರಿಗಳಿಗೆ ಹತ್ತು ಅಂಶಗಳ ಪತ್ರವೊಂದನ್ನು ಬರೆದರು. ಹೆಯಾನ್ ಎಂಬ ಹೆಸರಿನಿಂದ ನಮ್ಮ ಮಕ್ಕಳು ಮೊತ್ತಮೊದಲು ಕಲಿಯುವುದು ಆ ಐದು ಕಟಾಗಳನ್ನೇ. ಮಕ್ಕಳ ದೇಹ ದೃಢವಾಗಲಿ ಎಂಬ ಇಟೊಸು ಅವರ ಆಶಯ ಪೂಜ್ಯವಾದದ್ದು. ಮುಂದೆ ಆ ಮಕ್ಕಳು ಒಳ್ಳೆಯ ಸೈನಿಕರಾಗಲಿ ಎಂಬ ಮಾತೂ ಅದೇ ಪತ್ರದಲ್ಲಿ ಇದೆಯೆಂಬುದನ್ನು ಮರೆಯತಕ್ಕದ್ದಲ್ಲ. ಶಿಸ್ತು ಎಂಬುದನ್ನು ಯಾರ ಕೈಗೆ ಕೊಡುತ್ತೇವೆ ಎಂಬ ಪ್ರಶ್ನೆಯು ಶಿಸ್ತಿನಷ್ಟೇ ಮುಖ್ಯವಾದದ್ದು. ಜಪಾನಿನ ಮುಂದಿನ ನಾಲ್ಕು ದಶಕಗಳ ಇತಿಹಾಸ ಅದಕ್ಕೆ ಸಾಕ್ಷಿಯಾಗಿದೆ. ಇನ್ನು, ಕಂಚಿಯ ರಾಜಕುಮಾರನಾದ ಬೋಧಿಧರ್ಮನೇ ಈ ವಿದ್ಯೆಯ ಮೂಲಪುರುಷನೆಂಬ ಕಥೆಯನ್ನು ನಮ್ಮ ಕಡೆಯ ತರಗತಿಗಳಲ್ಲಿ ಅಭಿಮಾನದಿಂದ ಹೇಳುವುದುಂಟು. ಅದು ಐತಿಹ್ಯ, ಆಧಾರ ಬಹಳ ದುರ್ಬಲ. ಅದಿಲ್ಲದೆಯೂ ಈ ವಿದ್ಯೆಯನ್ನು ಗೌರವಿಸಲು ಬೇಕಾದಷ್ಟು ಕಾರಣಗಳಿವೆ.

1921ರಲ್ಲಿ ಜಪಾನಿನ ಯುವರಾಜ ಹಿರೋಹಿಟೊ ಒಕಿನಾವಾಕ್ಕೆ ಬಂದಾಗ ಶುರಿಯ ಕೋಟೆಯಲ್ಲಿ ಫುನಾಕೋಶಿ ಅವರ ನೇತೃತ್ವದಲ್ಲಿ ಕರಾಟೆಯ ಪ್ರದರ್ಶನ ನಡೆಯಿತು. ಮರುವರ್ಷ ಟೋಕಿಯೋದಲ್ಲಿ ಏರ್ಪಟ್ಟ ವ್ಯಾಯಾಮ ಪ್ರದರ್ಶನಕ್ಕೆ ಅವರೇ ಹೋದರು; ಜೂಡೋ ವಿದ್ಯೆಯ ಪ್ರವರ್ತಕರಾದ ಜಿಗೊರೊ ಕಾನೊ ಅವರು ಆದರದಿಂದ ಕರೆಯಿಸಿ ತಮ್ಮ ಕೊಡೋಕಾನ್ ಶಾಲೆಯಲ್ಲಿಯೂ ಕರಾಟೆಯ ಪ್ರದರ್ಶನ ಮಾಡಿಸಿದರು. ಕೆಲವು ದಿನಗಳಿಗೆಂದು ಹೋದವರು ಅಲ್ಲಿಯೇ ನಿಂತರು. ಆಗ ಅವರಿಗೆ ಐವತ್ತಮೂರು ವರ್ಷ. ಹೆಂಡತಿ, ಮಕ್ಕಳು, ಗೌರವದ ಉಪಾಧ್ಯಾಯವೃತ್ತಿ ಎಲ್ಲವನ್ನೂ ದ್ವೀಪದಲ್ಲಿ ಬಿಟ್ಟು ಬಂದ ಅವರಿಗೆ ಮೆಯಿಸೆಯಿ ಜುಕು ಎಂಬ ಒಕಿನಾವಾ ವಿದ್ಯಾರ್ಥಿಗಳ ವಸತಿಗೃಹದಲ್ಲಿ ಒಂದು ಸಣ್ಣ ಕೊಠಡಿ ದೊರೆಯಿತು. ಅದಕ್ಕೆ ಪ್ರತಿಯಾಗಿ ಕಾವಲುಗಾರನ ಕೆಲಸ, ತೋಟದ ಕೆಲಸ, ಕಸ ಗುಡಿಸುವ ಕೆಲಸ. ಊಟದ ಹಣ ಕೊಡುವುದಕ್ಕೂ ಕಷ್ಟವಾದಾಗ ಅಡುಗೆಯವನಿಗೆ ಕರಾಟೆ ಕಲಿಸಿ, ಅದರಿಂದ ತಿಂಗಳ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಪಡೆದುಕೊಂಡರು. 1923ರ ಸೆಪ್ಟೆಂಬರ್ 1ರ ಮಹಾಭೂಕಂಪವು ನಗರವನ್ನು ಬೂದಿಮಾಡಿದ ಮೇಲೆ, ಸ್ವಲ್ಪ ಕಾಲ ಬ್ಯಾಂಕೊಂದರಲ್ಲಿ ಸ್ಟೆನ್ಸಿಲ್ ಸಿದ್ಧಪಡಿಸುವ ಕೆಲಸಕ್ಕೂ ಹೋದರು.

ಒಂದು ದಿನ ವೃತ್ತಪತ್ರಿಕೆಯವರೊಬ್ಬರು ಅವರನ್ನು ಕಾಣಲು ಬಂದರು. ಅಂಗಳದಲ್ಲಿ ಮುದುಕನೊಬ್ಬ ಕಸ ಗುಡಿಸುತ್ತಿದ್ದ. ಕರಾಟೆಯ ಆಚಾರ್ಯರು ಎಲ್ಲಿ ಸಿಗುತ್ತಾರೆಂದು ಅವನನ್ನೇ ಕೇಳಿದರು. ದಯವಿಟ್ಟು ಒಂದು ನಿಮಿಷ ಎಂದು ಹೇಳಿ ಆತ ಒಳಗೆ ಹೋಗಿ, ಮರ್ಯಾದೆಯ ಉಡುಪು ತೊಟ್ಟು ಹೊರಬಂದು, ನಮಸ್ಕರಿಸಿ, ನಾನೇ ಫುನಾಕೋಶಿ ಎಂದು ಪರಿಚಯ ಹೇಳಿಕೊಂಡ. ಬಂದವರ ಮುಖದಲ್ಲಿ ಮೂಡಿದ ವಿಸ್ಮಯವನ್ನು ಫುನಾಕೋಶಿ ಅವರು ಮರೆಯಲಿಲ್ಲ. ಈ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಪೊರಕೆಯನ್ನು ಕೆಳಗಿಟ್ಟು ಉಡುಪು ಬದಲಾಯಿಸಿಕೊಂಡು ಬಂದ ಆ ಸಹಜತೆ. ಪೊರಕೆ ಹಿಡಿದಿದ್ದಾಗ ಅವರಿಗೆ ನಾಚಿಕೆಯಿರಲಿಲ್ಲ. ಆದರೆ ವಿದ್ಯೆಯ ಪ್ರತಿನಿಧಿಯಾಗಿ ಮಾತನಾಡಬೇಕಾದಾಗ ವಿದ್ಯೆಗೆ ತಕ್ಕ ಗೌರವ ಸಲ್ಲಲೇಬೇಕೆಂಬ ವಿವೇಕವಿದ್ದಿತು. ಒಂದೇ ಕಟಾವನ್ನು ವರ್ಷಗಟ್ಟಲೆ ಮಾಡಿ, ಇನ್ನೊಮ್ಮೆ ಎನ್ನಿಸಿಕೊಂಡು, ಅದರಿಂದ ಕುಗ್ಗದೆ ಉಳಿದವನಿಗೆ ಅಂಗಳ ಗುಡಿಸುವುದರಲ್ಲಿ ಕುಗ್ಗುವುದಕ್ಕೆ ಏನಿದೆ? ಅಜಾತೊ ಅವರ ಅಂಗಳದಲ್ಲಿ ಕಲಿತದ್ದು ಬಹುಶಃ ಟೋಕಿಯೋದ ಅಂಗಳದಲ್ಲಿಯೇ ಅವರಿಗೆ ಹೆಚ್ಚು ಉಪಯೋಗಕ್ಕೆ ಬಂದಿತು.

ಆ ಆತ್ಮಕಥೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗವೆಂದರೆ ಅವರು ತಮ್ಮ ಪತ್ನಿಯನ್ನು ಕುರಿತು ಬರೆದ ಕೆಲವು ಪುಟಗಳು. ಉಪಾಧ್ಯಾಯನ ಅಲ್ಪ ಸಂಬಳದಲ್ಲಿ ದೊಡ್ಡ ಸಂಸಾರವೊಂದನ್ನು ಸಾಗಿಸಿದ ಆಕೆ ಹಗಲೆಲ್ಲ ತರಕಾರಿಯ ತೋಟದಲ್ಲಿ ದುಡಿಯುತ್ತಿದ್ದರು, ರಾತ್ರಿಯೆಲ್ಲ ಮಗ್ಗದ ಮುಂದೆ ಕುಳಿತು ಬಟ್ಟೆ ನೇಯುತ್ತಿದ್ದರು. ಬಹಳ ದಣಿದಾಗ, ಒಂದು ಗಳಿಗೆ ಮಲಗುವುದರ ಬದಲು, ಹೊರಗೆ ಬಂದು ಕಟಾ ಮಾಡುತ್ತಿದ್ದರಂತೆ. ಗಂಡ ಮಾಡುವುದನ್ನು ನೋಡಿ ನೋಡಿ ಕಲಿತದ್ದು. ಕಾಲಕ್ರಮದಲ್ಲಿ ಅವರ ಚಲನೆಗಳು ನುರಿತವರ ಚಲನೆಗಳಂತೆಯೇ ಆದವು. ಮನೆಯ ಯಜಮಾನರಿಲ್ಲದ ಸಮಯದಲ್ಲಿ ನೆರೆಯವರು ಕುಡಿದು ಜಗಳವಾಡಿದರೆ ಅವರನ್ನು ಸಮಾಧಾನಪಡಿಸಿ ಬಿಡಿಸುತ್ತಿದ್ದವರೂ ಆಕೆಯೇ. ಅವರಿಗೆ ಯಾವ ಶ್ರೇಣಿಯ ಪಟ್ಟಿಯನ್ನೂ ಯಾರೂ ಕಟ್ಟಲಿಲ್ಲ, ಯಾವ ಸಭೆಯೂ ಅವರ ಕಟಾ ನೋಡಲಿಲ್ಲ. ದಣಿದ ದೇಹಕ್ಕೆ ವಿಶ್ರಾಂತಿಯು ಕ್ರಮಬದ್ಧವಾದ ಚಲನೆಯಿಂದಲೂ ಸಿಗಬಹುದೆಂಬುದನ್ನು ಆ ಗೃಹಿಣಿಯು ಯಾರ ಉಪದೇಶವೂ ಇಲ್ಲದೆ ಕಂಡುಕೊಂಡಿದ್ದರು. ಗಂಡ ಟೋಕಿಯೋದಲ್ಲಿದ್ದ ಎರಡು ದಶಕಗಳಿಗೂ ಹೆಚ್ಚಿನ ಕಾಲ ಅವರು ದ್ವೀಪದಲ್ಲಿಯೇ ಉಳಿದರು. ಎರಡನೆಯ ಮಹಾಯುದ್ಧದ ಪ್ರಳಯದ ಬಳಿಕ ಕ್ಯೂಶೂ ಸೀಮೆಯ ಓಯಿಟಾದಲ್ಲಿ ದಂಪತಿಗಳು ಮತ್ತೆ ಕೂಡಿದರು. 1947ರಲ್ಲಿ ಆಕೆ ತೀರಿಕೊಂಡರು. ಲೋಕವಿಖ್ಯಾತಿಯ ಬೆಲೆಯನ್ನು ತೆತ್ತವರು ಯಾರೆಂದು ಕೇಳಿದರೆ, ಅರ್ಧಕ್ಕಿಂತ ಹೆಚ್ಚು ಆಕೆಯೇ ತೆತ್ತರೆಂದು ನಾನು ಹೇಳುತ್ತೇನೆ. ಆ ಯುದ್ಧದಲ್ಲಿಯೇ, ಶಿಷ್ಯರೆಲ್ಲ ಚಂದಾ ಕೂಡಿಸಿ 1930ರ ದಶಕದ ಉತ್ತರಾರ್ಧದಲ್ಲಿ ಕಟ್ಟಿಸಿಕೊಟ್ಟಿದ್ದ ಶೋಟೋಕಾನ್ ಎಂಬ ಡೋಜೋ, ಎಂದರೆ ಕರಾಟೆಯ ಅಭ್ಯಾಸಮಂದಿರ, ವಿಮಾನದಾಳಿಗೆ ಸಿಕ್ಕಿ ನಾಶವಾಯಿತು. ಫುನಾಕೋಶಿ ಅವರ ಕಾರ್ಯವನ್ನು ಮುಂದುವರಿಸುತ್ತಿದ್ದ ಮಗನೂ 1945ರಲ್ಲಿ ರೋಗದಿಂದ ಮಡಿದನು.

ಕರಾಟೆಯಲ್ಲಿ ಮೊದಲ ಏಟು ನಮ್ಮದಾಗಿರಕೂಡದು ಎಂಬುದು ಫುನಾಕೋಶಿ ಅವರ ಪ್ರಧಾನ ಸೂತ್ರ. ಕಾಮಾಕುರಾದ ಎಂಗಾಕು ದೇವಾಲಯದ ಆವರಣದಲ್ಲಿರುವ ಅವರ ಸ್ಮಾರಕಶಿಲೆಯ ಮೇಲೆ ಅದನ್ನೇ ಕೆತ್ತಿದ್ದಾರೆ. ತಾರುಣ್ಯದಲ್ಲಿ ಒಮ್ಮೆ, ಹೆಂಡತಿಯ ತವರಿಗೆ ನೈವೇದ್ಯದ ತಿಂಡಿಯ ಪೊಟ್ಟಣ ಹಿಡಿದು ರಾತ್ರಿ ನಡೆದುಹೋಗುತ್ತಿದ್ದಾಗ ಇಬ್ಬರು ಕಳ್ಳರು ಅಡ್ಡಗಟ್ಟಿದರು. ಫುನಾಕೋಶಿ ಆ ಪೊಟ್ಟಣವನ್ನೇ ಕೊಟ್ಟು ಮುಂದೆ ಹೋದರು. ಈ ಸಂಗತಿಯನ್ನು ಕೇಳಿ ಇಟೊಸು ಮತ್ತು ಅಜಾತೊ ಇಬ್ಬರೂ ಶಿಷ್ಯನನ್ನು ಶ್ಲಾಘಿಸಿದರು. ಕಟಾಗಳಿಗೆ ಅಷ್ಟು ಸುಲಭವಾಗಿ ದೊರೆಯದ ಶ್ಲಾಘನೆ ತಿಂಡಿಯ ಪೊಟ್ಟಣಕ್ಕೆ ದೊರೆಯಿತು. ಯುದ್ಧದ ತರುವಾಯ, ಎಂಬತ್ತರ ಆಸುಪಾಸಿನಲ್ಲಿ, ಟೋಕಿಯೋದ ಕತ್ತಲ ಬೀದಿಯಲ್ಲಿ ಮತ್ತೊಬ್ಬ ದಾರಿಗಳ್ಳ ಎದುರಾದ. ಈ ಸಲ ಅವರು ಅವನ ಮರ್ಮಸ್ಥಾನವನ್ನೇ ಹಿಡಿದು ನಿಲ್ಲಿಸಿದರು. ಗಸ್ತಿನ ಪೊಲೀಸಿನವನು ಬಂದು ಅವನನ್ನು ಒಯ್ದ. ಅಷ್ಟು ವಯಸ್ಸಿನಲ್ಲಿ ಬೇರೆ ಯಾರಾದರೂ ಅದನ್ನು ಮೊಮ್ಮಕ್ಕಳಿಗೆ ಹೇಳಿ ಸಂತೋಷಪಡುತ್ತಿದ್ದರು. ಅವರು ಮಾತ್ರ, ಆತ ಯುದ್ಧದಿಂದ ಹಿಂದಿರುಗಿ ಉದ್ಯೋಗವಿಲ್ಲದೆ ಕೆಟ್ಟ ಬಡಪಾಯಿಯಿರಬೇಕೆಂದು ನೆನೆದು, ತರುಣರಿಗೆ ಮಾಡಬೇಡಿರೆಂದು ಸದಾ ಹೇಳುತ್ತಿದ್ದುದನ್ನು ತಾನೇ ಮಾಡಿದೆನಲ್ಲಾ ಎಂದು ವ್ಯಥೆಪಟ್ಟರು. ಶಕ್ತಿಯನ್ನು ಸಂಪಾದಿಸುವುದಕ್ಕೆ ಇಡೀ ಜೀವಮಾನವನ್ನೇ ವ್ಯಯಿಸಿದವರೊಬ್ಬರು, ಅದನ್ನು ಒಮ್ಮೆ ಉಪಯೋಗಿಸಿದ್ದಕ್ಕಾಗಿ ನೊಂದುಕೊಂಡದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ನಮ್ಮಲ್ಲಿ ಈಗ ಮಕ್ಕಳನ್ನು ಕರಾಟೆಗೆ ಸೇರಿಸುವ ತಂದೆತಾಯಿಗಳು ಮೊದಲು ಕೇಳುವ ಪ್ರಶ್ನೆ, ಬ್ಲ್ಯಾಕ್ ಬೆಲ್ಟ್ ಎಷ್ಟು ದಿನಕ್ಕೆ ಬರುತ್ತದೆ ಎಂಬುದು. ಪಟ್ಟಿಯ ಪದ್ಧತಿಯನ್ನು ಕಾನೊ ಅವರ ಜೂಡೋದಿಂದ ತೆಗೆದುಕೊಂಡು ಫುನಾಕೋಶಿ ಅವರು ಮೊದಲ ಶ್ರೇಣಿಗಳನ್ನು ಕೊಟ್ಟದ್ದು 1924ರಲ್ಲಿ. ಅಜಾತೊ ಅವರ ಅಂಗಳದಲ್ಲಿ ಅದರ ಸುಳಿವೂ ಇರಲಿಲ್ಲ. ಪಟ್ಟಿ ಬೇಡವೆಂದು ನಾನು ಹೇಳುವುದಿಲ್ಲ. ಮಗುವಿಗೆ ಮೆಟ್ಟಿಲು ಬೇಕು, ಮೆಟ್ಟಿಲೇರಿದ ಸಂತೋಷವೂ ಬೇಕು. ಆದರೆ ಪರೀಕ್ಷೆಯ ಶುಲ್ಕ ತೆತ್ತ ಮಾತ್ರಕ್ಕೆ ಎಲ್ಲರೂ ತೇರ್ಗಡೆಯಾಗುವ ತರಗತಿಯಿಂದ ಮಗುವನ್ನು ಬಿಡಿಸಿಕೊಂಡು ಬರುವುದು ಮೇಲು. ಇನ್ನೊಮ್ಮೆ ಮಾಡು ಎಂಬ ಮಾತನ್ನು ಕೇಳದ ಮಗುವಿಗೆ ಅಲ್ಲಿ ಸಿಗತಕ್ಕದ್ದು ಸಿಗಲಿಲ್ಲ. ಹೆಣ್ಣುಮಕ್ಕಳಿಗಾಗಿ ನಮ್ಮ ಸರ್ಕಾರವು ವಸತಿಶಾಲೆ, ವಿದ್ಯಾರ್ಥಿನಿಲಯಗಳಲ್ಲಿ ಚಿತ್ರದುರ್ಗದ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣೆಯ ಶಿಕ್ಷಣವನ್ನು ಏರ್ಪಡಿಸಿದೆ. ಕೆಲವೇ ತಿಂಗಳ ಶಿಕ್ಷಣದಿಂದ ಯಾರೂ ವೀರರಾಗುವುದಿಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಮೆಲ್ಲಗೆ ಮಾತನಾಡು, ತಲೆ ತಗ್ಗಿಸು ಎಂದು ಕೇಳುತ್ತ ಬೆಳೆದ ಹುಡುಗಿಯು ಕಾಲೂರಿ ನಿಂತು, ಹೊಟ್ಟೆಯ ಆಳದಿಂದ ಕಿಯೈ ಎಂಬ ಗರ್ಜನೆಯನ್ನು ಮೊದಲ ಸಲ ಹೊರಡಿಸಿದಾಗ ಅವಳ ಮುಖದಲ್ಲಿ ಆಗುವ ವ್ಯತ್ಯಾಸವನ್ನು ಕಂಡವನು ನಾನು. ಅದನ್ನು ಅಲ್ಪವೆಂದು ತಳ್ಳಿಹಾಕುವ ಧೈರ್ಯ ನನಗಿಲ್ಲ.

2021ರ ಆಗಸ್ಟಿನಲ್ಲಿ, ಟೋಕಿಯೋದ ಬುಡೋಕಾನ್ ಭವನದಲ್ಲಿ ಒಲಿಂಪಿಕ್ಸಿನ ಪುರುಷರ ಕಟಾ ಸ್ಪರ್ಧೆಯ ಚಿನ್ನವನ್ನು ಒಕಿನಾವಾದವರೇ ಆದ ರ್ಯೋ ಕಿಯುನಾ ಪಡೆದರು. ತೀರಿಹೋದ ತಾಯಿಯ ಭಾವಚಿತ್ರವನ್ನು ಕೈಯಲ್ಲಿ ಹಿಡಿದು ವೇದಿಕೆಯನ್ನೇರಿದರು. ಅದರ ಮುಂದಿನ, 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕರಾಟೆಗೆ ಸ್ಥಾನವಿರಲಿಲ್ಲ. ಇದರಿಂದ ತರುಣ ಸ್ಪರ್ಧಿಗಳಿಗೆ ಆದ ನಿರಾಶೆ ದೊಡ್ಡದು, ಅದನ್ನು ಹಗುರವಾಗಿ ಕಾಣಲಾಗದು. ತರಗತಿಗಳು ಮಾತ್ರ ಎಲ್ಲಿಯೂ ಮುಚ್ಚಲಿಲ್ಲ.

ನಲವತ್ತು ದಾಟಿದ ಮೇಲೆ ಕಲಿಯಬಹುದೇ ಎಂದು ನನ್ನನ್ನು ಕೇಳುವವರಿದ್ದಾರೆ. ಕಲಿಯಬಹುದು. ಮಂಡಿಯ ನೋವಿದ್ದರೆ ಮಾಸ್ಟರಿಗೆ ಮೊದಲ ದಿನವೇ ಹೇಳಿಬಿಡಬೇಕು. ಚಿಕ್ಕವರಷ್ಟು ಕೆಳಗೆ ಬಗ್ಗುವ ಛಲ ಬೇಡ. ಒದೆಯು ಸೊಂಟದ ಎತ್ತರವನ್ನು ಮೀರದಿದ್ದರೂ ಯಾವ ನಷ್ಟವೂ ಇಲ್ಲ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಮೇಲಿನ ಪಟ್ಟಿ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ನಿಂತಿರುತ್ತಾಳೆ. ಅವಳನ್ನು ನೋಡಿಯೇ ನೀವು ತಿರುವು ಕಲಿಯಬೇಕಾಗುತ್ತದೆ, ಅದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ವಾರದಲ್ಲಿ ಎರಡು ಸಂಜೆಯಾದರೂ ನಿಗದಿಮಾಡಿಕೊಳ್ಳಿ, ಆ ಸಂಜೆಗಳಲ್ಲಿ ಮನಸ್ಸು ಬರಲಿ ಬಾರದಿರಲಿ, ಆರು ಗಂಟೆಗೆ ಸರಿಯಾಗಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ.